ಹುಲಿಗೆಮ್ಮನ ಕೀಲಿಮಣೆ

ಜಂಬಣ್ಣ ಹುಲಿಗೆಮ್ಮನನ್ನು ಶಾಲೆಯಿಂದ ಹೊರಗೆ ಹಾಕಿದ. ಇದಕ್ಕೆ ಮೆತ್ತಗಿನ ಮಾತು ಬೇರೆ ಇಲ್ಲ.

ಹೊಳೆದಂಡೆಯ ಮಠದಲ್ಲಿ ಬಡಮಕ್ಕಳಿಗೆ ಕೋಡಿಂಗ್ ಕಲಿಸುವ ಕೆಲಸವನ್ನು ಗುರುಗಳು ತಮ್ಮ ಶಿಷ್ಯ ಜಂಬಣ್ಣನಿಗೆ ವಹಿಸಿದ್ದರು. ಹುಲಿಗೆಮ್ಮನ ಕೈ ಹುಟ್ಟಿನಿಂದಲೇ ನಡುಗುತ್ತಿತ್ತು. ಒಂದು ಕೀಲಿ ಮುಟ್ಟಿದರೆ ತೆರೆಯ ಮೇಲೆ ಅದೇ ಅಕ್ಷರ ನಾಲ್ಕಾರು ಸಲ ಬೀಳುತ್ತಿತ್ತು.

ಒಂದು ದಿನ ಗುರುಗಳು ಅವಳ ಖಾಲಿ ಜಾಗ ಕಂಡರು.

“ಎಲ್ಲೋ ಜಂಬಣ್ಣಾ, ಹುಡುಗಿ?”

“ಮನಿಗೆ ಕಳಿಸಿದೆನ್ರಿ ಅಜ್ಜಾರ. ತಲಿ ಚುರುಕು ಐತಿ, ಕೈ ನಿಲ್ಲಂಗಿಲ್ಲ. ಆಕಿ ಹಣೆಬರಹ.”

“ಹಣೆಬರಹ ಓದೂದು ಯಾವಾಗ ಕಲ್ತಿ?”

ಗುರುಗಳು ಕಿಟಕಿಯಾಚೆ ಹರಿಯುವ ಹೊಳೆ ತೋರಿಸಿದರು.

“ಹೊಳಿ ನೀರೂ ನಿಲ್ಲಂಗಿಲ್ಲ. ಅಂಬಿಗ ಹೊಳೀನ ಮನಿಗೆ ಕಳಿಸ್ಯಾನೇನು?”

ಗುರುಗಳು ಅವಳ ಕಂಪ್ಯೂಟರಿನ ಮುಂದೆ ಕೂತರು. ಸೆಟ್ಟಿಂಗ್ಸ್ ತೆರೆದು, ಮೇಲಿಂದ ಮೇಲೆ ಬಿದ್ದ ಒಂದೇ ಕೀಲಿಯನ್ನು ಒಂದೇ ಸಲ ಎಣಿಸುವ ಆಯ್ಕೆ ಒತ್ತಿದರು. ಆಮೇಲೆ ಬೇಕಂತಲೇ ಬೆರಳು ನಡುಗಿಸುತ್ತ ಕೀಲಿ ಕುಟ್ಟಿದರು. ತೆರೆಯ ಮೇಲೆ ಒಂದೇ ಅಕ್ಷರ ಮೂಡಿತು.

“ಇದು ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ. ಮೊದಲು ಹಾಕಿಯೇ ಇತ್ತು. ಆಕಿಗೆ ತೋರ್ಸಾಕ ನಾ ಟೈಪ್ ಮಾಡುವಾಗ ಒಂದೇ ಅಕ್ಷರ ಲಗೂನ ಎರಡು ಸಲ ಒತ್ತಿದ್ರ ಒಂದೇ ಬೀಳ್ತಿತ್ತು. ನನ್ನ ವೇಗಕ್ಕ ಅಡ್ಡ ಬಂತು, ತೆಗೆದೆ.”

“ತಿರುಗಿ ಹಾಕಲಿಲ್ಲ?”

“ಮರ್ತೆ.”

“ಆಕಿ ಕೇಳಲಿಲ್ಲ?”

“ಕೇಳಿದಳ್ರಿ. ‘ಮೊದಲು ನಿನ್ನ ಕೈ ಸರಿ ಮಾಡ್ಕೊಂಡು ಬಾ’ ಅಂದೆ. ಎಲ್ಲಾರೂ ನಕ್ಕರು.”

ಗುರುಗಳ ಮುಂದೆ ನಿಲ್ಲಲಾರದೆ ಜಂಬಣ್ಣ ಹರಿಗೋಲು ಹತ್ತಿ ಹೊಳೆ ದಾಟಿ ಅವಳ ಮನೆಗೆ ಹೋದ.

ಹುಲಿಗೆಮ್ಮ ಒಣಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಬೆರಳು ಕೆಂಪಗೆ ಉರಿಯುತ್ತಿದ್ದವು.

“ಬಾರವ್ವ. ಕಂಪ್ಯೂಟರ್ ಸರಿ ಆಗೈತಿ.”

ಅವಳು ತಲೆ ಎತ್ತಲಿಲ್ಲ. “ಇಲ್ಲಿ ಕೈ ನಡುಗಿದ್ರೂ ನಡೀತೈತ್ರಿ ಸರ. ಮೆಣಸಿನಕಾಯಿ ನಗಂಗಿಲ್ಲ.”

ಜಂಬಣ್ಣ ಬರಿಗೈಲಿ ಮರಳಿದ. ತರಗತಿಯಲ್ಲಿ ಮಕ್ಕಳು ಕೂತಿದ್ದರು.

“ಬರಂಗಿಲ್ಲ ಅಂತಾಳ್ರಿ ಅಜ್ಜಾರ. ಕರೆಯೋದು ಕರೆದೆ. ಇನ್ನೇನು ಮಾಡ್ಲಿ?”

ಗುರುಗಳು ಹುಲಿಗೆಮ್ಮನ ಕಂಪ್ಯೂಟರಿನ ವೈರು ಬಿಚ್ಚಿದರು. ಯಂತ್ರವನ್ನು ಎತ್ತಿ ಶಿಷ್ಯನ ಹೆಗಲಿಗೆ ಹೊರಿಸಿದರು. ಕೀಲಿಮಣೆ, ತೆರೆ ಇನ್ನೂ ಮೇಜಿನ ಮೇಲೆ ಇದ್ದವು. ಗುರುಗಳು ತರಗತಿಯ ಕಡೆ ತಿರುಗಿದರು.

“ಆಕಿ ಬಾಗಿಲಿಗೆ ಇದು ಹೋಗಬೇಕು. ನಕ್ಕವರು ಏಳ್ರಿ. ನಗಲಾರದ ಸುಮ್ನ ನೋಡ್ಕೋತ ಕೂತವರೂ ಏಳ್ರಿ. ಕೈ ಹಚ್ರಿ.”