ವೀಸಾ ಕಚೇರಿಯಲ್ಲಿ ಒಂದು ಕೂಗು

ಅತ್ತೆಗೆ ಗುರುವಾರ ಮಂಡಿ ಆಪರೇಷನ್. ಯುರೋಪಿನವನಾದ ಗಂಡ ಪಾವೆಲ್‌ಗೆ ತಾಯಿ ಇರುವ ತನ್ನೂರಿಗೆ ಹೋಗಲು ವೀಸಾ ಬೇಡ. ಹಾಸನದ ವಾರಿಜಾಗೆ ಬೇಕು. ವೀಸಾ ಕಚೇರಿಯ ಅಧಿಕಾರಿಯೋ, ಮದುವೆ ಆಲ್ಬಮ್ಮನ್ನು ಎರಡೇ ಬೆರಳಲ್ಲಿ ಪಕ್ಕಕ್ಕೆ ತಳ್ಳಿದರು.

"ಫೋಟೋ ಯಾರು ಬೇಕಾದ್ರೂ ತೆಗೆಸ್ಕೋತಾರಮ್ಮ. ವೀಸಾಕ್ಕೋಸ್ಕರ ಮದುವೆ ನಾಟಕ ಆಡೋರನ್ನ ದಿನಾ ನೋಡ್ತೀನಿ. ಅವರು ನಿಮ್ಮ ಗಂಡ ಅನ್ನೋಕೆ ಏನು ಗ್ಯಾರಂಟಿ?"

ಪಾವೆಲ್ ಹೊರಗಿನ ಹಾಲಿನಲ್ಲಿ ಇತ್ತ ಬೆನ್ನು ಹಾಕಿ ಕೂತಿದ್ದ.

"ಹೆಸರು ಹಿಡಿದು ಕರೆದರೆ ಬಾಡಿಗೆ ಗಂಡನೂ ತಿರುಗ್ತಾನೆ ಸಾರ್. ಮನೇಲಿ ಕರೆಯೋ ಹಾಗೆ ಕರೀತೀನಿ, ನೋಡಿ." ವಾರಿಜಾ ಬಾಗಿಲು ತೆರೆದಳು. "ರೀ!"

ಪಾವೆಲ್ ದಡಬಡಿಸಿ ಎದ್ದು, "ಏನೇ?" ಅಂದ. ಅವನ ಜೊತೆಗೆ ಹಾಲಿನಲ್ಲಿದ್ದ ಏಳೆಂಟು ಗಂಡಸರೂ ಎದ್ದುಬಿಟ್ಟರು.

ಅಧಿಕಾರಿ ಗೆದ್ದವರಂತೆ ನಕ್ಕರು. "ಇದೆಂಥ ಸಾಕ್ಷಿ! ಇವರೆಲ್ಲ ನಿಮ್ಮ ಗಂಡಂದಿರಾ?"

"ನನ್ನವರಲ್ಲ ಸಾರ್. ಆದರೆ ಅಷ್ಟೂ ಜನ ಅಸಲಿ ಗಂಡಂದಿರೇ. ವರ್ಷಗಟ್ಟಲೆ ಸಂಸಾರ ಮಾಡಿ ಪಳಗದೆ ಈ ಕೂಗಿಗೆ ಯಾರೂ ಹೀಗೆ ಏಳಲ್ಲ. ಬೇಕಿದ್ದರೆ ನಿಮ್ಮ ಕಾಲನ್ನೇ ಕೇಳಿ."

ಅಧಿಕಾರಿ ಬಗ್ಗಿ ನೋಡಿಕೊಂಡರು. ತಾವೂ ಎದ್ದು ನಿಂತಿದ್ದರು!

ಮೆಲ್ಲಗೆ ಕೂತರು. ಒಮ್ಮೆ ಕೆಮ್ಮಿದರು. ಆಮೇಲೆ ಅರ್ಜಿಯ ಮೇಲೆ ಒಪ್ಪಿಗೆಯ ಮೊಹರು ಒತ್ತಿದರು.