ಮೊಳಕೈ ಆಳದ ಜೋಳಿಗೆ

ಅದಿರಿನ ಗುಡ್ಡದ ಬುಡದಲ್ಲೊಂದು ಊರು. ಮೂವತ್ತು ವರ್ಷದಲ್ಲಿ ಗಣಿ ಮೂರು ಸಲ ತೆರೆಯಿತು, ಮೂರು ಸಲ ಮುಚ್ಚಿತು.

ಹಳ್ಳದ ದಂಡೆಯ ಮಠದಲ್ಲಿ ಇದ್ದವರು ಇಬ್ಬರು, ಮರುಳಯ್ಯಜ್ಜ ಮತ್ತು ಶಿಷ್ಯ ಪಂಪಯ್ಯ. ಸೋಮವಾರಕ್ಕೊಮ್ಮೆ ಪಂಪಯ್ಯ ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದ. ಮನೆಯವರು ಅದರೊಳಗೆ ಕೈ ಇಳಿಸಿ ತಲೆಗೊಂದು ಹಿಡಿ ಜೋಳ ಹಾಕುತ್ತಿದ್ದರು. ಮಠದ ದಾಸೋಹ ನಡೆಯುತ್ತಿದ್ದುದು ಅದರಿಂದಲೇ.

ಮೂರನೇ ಸಲ ಗಣಿ ತೆರೆದಾಗ ಊರಿನ ತಲೆ ತಿರುಗಿತು. ಗುಡಿಸಲಿದ್ದಲ್ಲಿ ಮಹಡಿ ಎದ್ದಿತು, ಮಹಡಿಗೆ ಕಾಂಪೌಂಡು, ಕಾಂಪೌಂಡಿಗೆ ಕಬ್ಬಿಣದ ಗೇಟು. ನಿನ್ನೆಯವರೆಗೆ ನೆಲದ ಮೇಲೆ ಒಟ್ಟಿಗೆ ಉಂಡವರು ದಾಸೋಹದಲ್ಲಿ ಕುರ್ಚಿ ಕೇಳಿದರು!

ಲಾರಿ ಮಾಲೀಕ ಓಬಣ್ಣ ವರ್ಷಕ್ಕಾಗುವಷ್ಟು ಅಕ್ಕಿ ಒಂದೇ ಸಲ ತಂದು ಇಳಿಸಿದ.

"ಇನ್ನು ಮನೆಮನೆ ತಿರುಗೋದು ಯಾಕಜ್ಜಾ?" ಎಂದು ಪಂಪಯ್ಯ ಜೋಳಿಗೆಯನ್ನು ಗೂಟಕ್ಕೆ ನೇತುಹಾಕಿದ.

"ಇಷ್ಟು ದಿನ ಜೋಳಕ್ಕೇ ಹೋಗ್ತಿದ್ದೆ ಅಂದ್ಕೊಂಡಿದ್ದೀಯಾ?"

ಪಂಪಯ್ಯನಿಗೆ ತಿಳಿಯಲಿಲ್ಲ. ಅಜ್ಜ ಬಿಡಿಸಿ ಹೇಳುವ ಪೈಕಿಯೂ ಅಲ್ಲ.

ಎಂಟು ವರ್ಷ ಕಳೆಯಿತು. ಗಣಿ ಮತ್ತೆ ಮುಚ್ಚಿತು. ಲಾರಿಗಳು ನಿಂತಲ್ಲೇ ತುಕ್ಕು ಹಿಡಿದವು, ಓಬಣ್ಣನಿಂದ ವರ್ಷವರ್ಷ ಬರುತ್ತಿದ್ದ ಅಕ್ಕಿಯೂ ನಿಂತಿತು.

ಪಂಪಯ್ಯ ಜೋಳಿಗೆ ಕೊಡವಿಕೊಂಡು ಹೊರಟ. ಸ್ವಲ್ಪ ಹೊತ್ತಿಗೇ ಕೆಂಡವಾಗಿ ವಾಪಸು ಬಂದ.

"ಒಬ್ಬರೂ ಗೇಟು ತೆಗೀಲಿಲ್ಲ ಅಜ್ಜಾ! ಓಬಣ್ಣ ಕಿಟಕಿಯಿಂದಲೇ ಮುಂದೆ ಹೋಗು ಅಂದ. ಅವನ ಮನೇಲಿ ಅಡುಗೆ ಆಗಿ ಎರಡು ದಿನ ಆಯ್ತಂತೆ, ಹಾಲು ಹಾಕೋ ನೀಲವ್ವ ಹೇಳಿದ್ಲು. ಪಾಪ, ಮಕ್ಕಳಿದ್ದಾವೆ."

"ದಾಸೋಹಕ್ಕೆ ಬರಬಹುದಲ್ಲ?"

"ಎಲ್ಲಿ ಬರ್ತಾನೆ? ಕುರ್ಚಿ ಕೇಳಿದವನಿಗೆ ಈಗ ನೆಲಕ್ಕೆ ಕೂರೋಕೆ ನಾಚಿಕೆ."

"ನಮ್ಮಲ್ಲಿ ಏನು ಉಳಿದೈತೆ?"

"ಒಂದು ಚೀಲ ಜೋಳ. ದಾಸೋಹ ನಿಲ್ಲಿಸಿದರೆ ನಮ್ಮಿಬ್ಬರಿಗೆ ಸಾಕಾಗುತ್ತೆ."

ಅಜ್ಜ ಎದ್ದರು. ಚೀಲ ಬಿಚ್ಚಿ ಜೋಳಿಗೆಯ ತುಂಬ ಜೋಳ ಸುರಿದು ಶಿಷ್ಯನ ಹೆಗಲಿಗೇರಿಸಿದರು.

"ಹಂಚೋಕಾ? ಸತ್ತರೂ ತಗೊಳ್ಳಲ್ಲ ಅವನು."

"ಹಂಚೋಕಲ್ಲಪ್ಪ, ಬೇಡೋಕೆ."

ಓಬಣ್ಣನ ಗೇಟಿನ ಮುಂದೆ ನಿಂತು ಅಜ್ಜ ಹಿಂದಿನಂತೆಯೇ ಕೂಗಿದರು, "ಜೋಳಿಗೆ ಬಂದೈತೆ!"

ಅಜ್ಜನೇ ಬಂದಿದ್ದರಿಂದ ಓಬಣ್ಣ ಹೊರಗೆ ಬರಲೇಬೇಕಾಯಿತು. ತಲೆ ಎತ್ತಲಿಲ್ಲ.

"ಕೈಯಲ್ಲಿ ಏನೂ ಇಲ್ಲ ಅಜ್ಜಾ."

"ಏನೈತೆ ಅಂತ ಕೇಳಿದೆನಾ? ಕೈ ಇಳಿಸು. ಮನೇಲಿ ಎಷ್ಟು ಜನ?"

"ಐದು."

"ಹಂಗಾದ್ರೆ ಐದು ಸಲ."

ಓಬಣ್ಣ ಕೈ ಇಳಿಸಿದ. ಬೆರಳಿಗೆ ಜೋಳ ತಗುಲಿತು. ಕೈ ಒಳಗೇ ನಿಂತಿತು, ಕಣ್ಣು ತುಂಬಿ ಬಂತು.

ಪಂಪಯ್ಯ ಕತ್ತು ಉದ್ದ ಮಾಡಿದ. ಅಜ್ಜ ಅವನ ಗದ್ದ ಹಿಡಿದು ಮುಖ ಆಚೆ ತಿರುಗಿಸಿದರು.

"ಹಳ್ಳದಲ್ಲಿ ನೀರು ಎಷ್ಟೈತೆ ನೋಡು."

ಓಬಣ್ಣನ ಕೈ ಐದು ಸಲ ಇಳಿದು ಏರಿದ ಮೇಲೆ ಇಬ್ಬರೂ ಮುಂದಿನ ಮನೆಗೆ ನಡೆದರು. ಹಿಂದೆ ಗೇಟು ಮುಚ್ಚಿದ ಸದ್ದು ಬರಲಿಲ್ಲ.

ಹಾಗೇ ಇಡೀ ಓಣಿ ಮುಗಿಸಿದರು. ಪ್ರತಿ ಮನೆಯ ಮುಂದೆಯೂ ಪಂಪಯ್ಯ ಹಳ್ಳವನ್ನೇ ನೋಡಬೇಕಾಯಿತು.

ಮಠಕ್ಕೆ ಬಂದು ಜೋಳಿಗೆ ಸುರಿದಾಗ ಅದು ಖಾಲಿಯಾಗಿರಲಿಲ್ಲ. ಜೋಳದ ನಡುವೆ ನವಣೆ, ಅಕ್ಕಿ, ಒಂದಿಷ್ಟು ಕಡಲೆ ಬೆರೆತಿದ್ದವು.

ಪಂಪಯ್ಯನಿಗೆ ತಡೆಯಲಾಗಲಿಲ್ಲ. "ಅಜ್ಜಾ, ಯಾರು ಹಾಕಿದ್ರು? ಯಾರು ತಗೊಂಡ್ರು?"

ಅಜ್ಜ ಜೋಳಿಗೆ ಮಡಿಚಿ ಅವನ ಕೈಗಿಟ್ಟರು.

"ನಿನ್ನಂಥವರು ಕೇಳ್ತಾರೆ ಅಂತಲೇ ಹಿರಿಯರು ಇದನ್ನ ಮೊಳಕೈ ಮುಳುಗೋ ಹಂಗೆ ಹೊಲಿದಿದ್ದು."