ಕೂಗಳತೆ ಎಂದರೆ ಎಷ್ಟು ಮೀಟರು?

ಹೊಳೆಯ ದಂಡೆಯ ಹಳೆಯ ಮಠವೊಂದರ ಹಿಂದಿನ ಕೋಣೆಯಲ್ಲಿ ಕಲ್ಲಿನಾಥ ಮಾಸ್ತರರು ಇದ್ದರು. ಅರ್ಧ ಆಯುಷ್ಯ ಸರಪಳಿ ಎಳೆದು ಭೂಮಿ ಅಳೆದವರು, ಉಳಿದರ್ಧ ವಿಶ್ವವಿದ್ಯಾಲಯದಲ್ಲಿ ನಕಾಶೆ ಕಲಿಸಿದವರು. ಮಾತು ಕಡಿಮೆ.

ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ಜಿಐಎಸ್ ವಿದ್ಯೆ ಓದುವ ಮಕ್ಕಳು ಕೊನೆಯ ವರ್ಷದ ಕೆಲಸಕ್ಕೆಂದು ಅವರ ಬಳಿ ಬರುತ್ತಿದ್ದರು. ಆ ವರ್ಷ ಮೂವರು ಬಂದರು. ಇಬ್ಬರು ವಾರದೊಳಗೆ ಗಂಟುಮೂಟೆ ಕಟ್ಟಿದರು. ಉಳಿದವಳು ಮಧುಮತಿ.

ನೆರೆ ಬಂದಾಗ ಯಾವ ಮನೆಗೆ ದೋಣಿ ಬೇಕು ಎಂದು ತೋರಿಸುವ ನಕಾಶೆ ಅವಳ ಪಾಲಿಗೆ ಬಂದಿತ್ತು. ಅದನ್ನು ನೋಡಿಯೇ ಅಧಿಕಾರಿಗಳು ದೋಣಿ ಹಂಚುವವರಿದ್ದರು. ಅಲ್ಲಿಯ ಪದ್ಧತಿ ಹಳೆಯದು. ದೋಣಿಕಟ್ಟೆಯಿಂದ ಕೂಗಳತೆಯಲ್ಲಿರುವ ಮನೆಗೆ ಬೇರೆ ದೋಣಿ ಕೊಡುವುದಿಲ್ಲ. ಕೂಗಿದರೆ ಅಂಬಿಗ ಬರುತ್ತಾನೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗಾದೆ. ಮೂರು ತಿಂಗಳಾದರೂ ಮಧುಮತಿ ಬಂದಿರಲಿಲ್ಲ. ಹೊಳೆ ಅವಳಿಗೆ ಲ್ಯಾಪ್‌ಟಾಪಿನಲ್ಲೇ ಸಿಕ್ಕಿತ್ತು, ಉಪಗ್ರಹ ತೆಗೆದ ಚಿತ್ರದಲ್ಲಿ.

ಮಾತಾಡಲು ಯಾರೂ ಇರಲಿಲ್ಲ. ಊಟಕ್ಕೆ ಕರೆಯುವುದು ಕೂಡ ಮಠದ ಗಂಟೆ. ಒಂಟಿತನ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಅದಕ್ಕೆ ಅವಳು ಕೆಲಸ ಎಂದು ಹೆಸರಿಟ್ಟುಕೊಂಡಿದ್ದಳು.

ಒಂದು ಬೆಳಿಗ್ಗೆ ನಕಾಶೆ ಮುಗಿಯಿತು.

“ಸರ್, ನೂರಾ ಹದಿನಾಲ್ಕು ಮನಿ. ಕೂಗಳತಿ ಅಂದ್ರ ಮುನ್ನೂರು ಮೀಟರ್ ಅಂತ ಹಿಡದೀನ್ರಿ. ಕಟ್ಟಿ ನಡುವಿಟ್ಟು ಗುಂಡಗ ಗೆರಿ ಎಳದೀನಿ. ಒಳಗಿದ್ದ ಮನಿ ಹಸರು, ಹೊರಗಿದ್ದದ್ದು ಕೆಂಪು. ಕೆಂಪಿಗೆ ದೋಣಿ ಬೇಕು.”

ಮಾಸ್ತರರು ಪರದೆಯತ್ತ ಬಗ್ಗಿದರು. ಹೊಳೆಯ ನಡುಗಡ್ಡೆಯ ಮೇಲೆ ಒಂದೇ ಒಂದು ಚುಕ್ಕೆ ಇತ್ತು. ಹಸಿರು.

“ಇದು ಯಾರದು?”

“ಮನಿ ನಂಬರ್ ಎಪ್ಪತ್ತೊಂದ್ರಿ. ಇನ್ನೂರಾ ಎಂಬತ್ತು ಮೀಟರ್.”

“ಯಾರದು ಅಂದೆ.”

ಅವಳು ಪಟ್ಟಿ ಹುಡುಕಬೇಕಾಯಿತು. “ದ್ಯಾಮವ್ವ ಅಂತ್ರಿ. ಆಡು ಸಾಕ್ಕೊಂಡು ಒಬ್ಬಾಕೀನ ಇರ್ತಾಳಂತ.”

“ಕೂಗಿ ನೋಡೀಯೇನು?”

“ಇಲ್ರಿ ಸರ್. ಅಳದೀನಲ್ರಿ.”

ಮಾಸ್ತರರು ಚಪ್ಪಲಿ ಮೆಟ್ಟಿ ಹೊರಟರು. ಮಧುಮತಿ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಹಿಂದೆ ಹೋದಳು.

ದೋಣಿಕಟ್ಟೆಯ ಮೇಲೆ ನಿಂತು ಅವರು ನಡುಗಡ್ಡೆಯ ಕಡೆ ಕೈ ಮಾಡಿದರು. “ಕೂಗು.”

ಅವಳಿಗೆ ನಾಚಿಕೆಯಾಯಿತು. ಒಬ್ಬರ ಹೆಸರು ಹಿಡಿದು ಕೂಗಿ ಎಷ್ಟು ದಿನವಾಗಿತ್ತೋ. ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿತ್ತು.

“ದ್ಯಾಮವ್ವಾ!”

ಆಚೆ ಗುಡಿಸಲ ಮುಂದೆ ಯಾರೋ ಎದ್ದು ನಿಂತರು. ಕೈ ಎತ್ತಿದರು.

“ಕೇಳ್ತು ನೋಡ್ರಿ ಸರ್! ಮುನ್ನೂರು ಬರೋಬರಿ ಐತಿ.” ಮಧುಮತಿಗೆ ಸ್ವರ್ಗ ಮೂರೇ ಗೇಣು.

“ಆಕಿ ಏನಂದ್ಲು?”

“ಏನೂ ಅನಲಿಲ್ರಿ.”

“ಹೋಗಿ ಕೇಳಿ ಬಾ.”

ಅಂಬಿಗ ಅವಳನ್ನು ಹರಿಗೋಲಿನಲ್ಲಿ ದಾಟಿಸಿದ. ದ್ಯಾಮವ್ವ ನೀರಿನವರೆಗೂ ಇಳಿದು ಬಂದು ಅವಳ ಕೈ ಹಿಡಿದುಕೊಂಡಳು. ಹಿಡಿದದ್ದನ್ನು ಬಿಡಲೇ ಇಲ್ಲ.

“ನೀನ ಏನವ್ವಾ ಕರದಾಕಿ? ನನ್ನ ಹೆಸರು ಕೇಳಿ ಎದಿ ಝಲ್ ಅಂತು. ಯಾರೂ ಕರ್ಯಾಂಗಿಲ್ಲ ನನ್ನ.”

“ನೀವು ಏನೂ ಅನಲಿಲ್ಲಲ್ರಿ?”

“ಅಯ್ಯ, ಓ ಅಂದೆನಲ್ಲ! ಮೂರ್ ಸಲ ಅಂದೆ.”

ಮಧುಮತಿ ತಿರುಗಿ ಕಟ್ಟೆಯ ಕಡೆ ನೋಡಿದಳು.

“ಅಲ್ಲಿಂದ ಇಲ್ಲಿಗಿ ಎಲ್ಲಾ ಕೇಳತೈತವ್ವಾ,” ಎಂದಳು ದ್ಯಾಮವ್ವ. “ಮಠದ ಗಂಟಿ, ಭಜನಿ, ನಿಮ್ಮ ಸೌಟಿನ ಸಪ್ಪಳ ಸುದ್ದಾ. ಮಳಿಗಾಲ ಪೂರ್ತಿ ಗಾಳಿ ಹಿಂಗ ಬೀಸೂದು. ನನ್ನ ದನಿ ಮಾತ್ರ ಆ ದಂಡಿ ಮುಟ್ಟಾಂಗಿಲ್ಲ. ಹ್ವಾದ ನೆರಿಗೆ ಗಂಟಲ ಹರಕೊಂಡು ಕೂಗಿದೆ. ದಂಡಿ ಮ್ಯಾಲಿನವರು ಮಾತಾಡೂದು ನನಗ ಕೇಳತಿತ್ತು. ಮೂರ್ ಆಡು ತೇಲಿ ಹೋದುವು. ಕಡೀಕ ಕೂಗೂದ ಬಿಟ್ಟೆ.”

ಆಮೇಲೆ ಏನೋ ನೆನಪಾದವಳಂತೆ ಅವಳ ಕೈ ಎಳೆದಳು. “ನಿಂತ ಇದ್ದೀಯಲ್ಲ, ಕುಂದರು. ಚಾ ಕಾಸ್ತೀನಿ.”

ಚಹ ಕುಡಿದು ಮಧುಮತಿ ನೀರಿನ ಅಂಚಿಗೆ ಬಂದಳು. ಎದುರು ದಂಡೆಯಲ್ಲಿ ಮಾಸ್ತರರು ಕೂತಿದ್ದು ಕಾಣುತ್ತಿತ್ತು. ಹೆಗಲ ಮೇಲಿನ ವಸ್ತ್ರವೂ ಕಾಣುತ್ತಿತ್ತು.

“ಸರ್!”

ಅವರು ಅಲುಗಲಿಲ್ಲ.

“ಸರ್! ಮಾಸ್ತರ!”

ಗಾಳಿ ಮಾತನ್ನು ಅವಳ ಬಾಯಿಗೇ ತುರುಕುತ್ತಿತ್ತು. ಅವಳು ಮತ್ತೆ ಕೂಗಿದಳು, ಮತ್ತೆ ಕೂಗಿದಳು. ಅಂಬಿಗ ಪಕ್ಕದಲ್ಲೇ ಇದ್ದಾನೆ, ಹರಿಗೋಲೂ ಇದೆ ಎಂದು ಗೊತ್ತಿದ್ದರೂ ಹೆದರಿಕೆಯಾಯಿತು. ಕೊನೆಗೆ ಅಳು ಬಂತು. ದ್ಯಾಮವ್ವನಿಗಾಗಿ ಅಳುತ್ತಿದ್ದಾಳೋ ತನಗಾಗಿಯೋ ಅವಳಿಗೇ ತಿಳಿಯಲಿಲ್ಲ.

ದಂಡೆಗೆ ಮರಳಿದಾಗ ಮಾಸ್ತರರು ಇನ್ನೂ ಅಲ್ಲೇ ಇದ್ದರು.

“ಸರ್, ನಾ ಕೂಗಿದ್ದು ಕೇಳಲಿಲ್ರಿ?”

“ಕೂಗಿದ್ಯೇನು?”

ಅವಳು ಕಟ್ಟೆಯ ಮೇಲೇ ಲ್ಯಾಪ್‌ಟಾಪು ಬಿಚ್ಚಿದಳು. ನಡುಗಡ್ಡೆಯ ಚುಕ್ಕೆಯನ್ನು ಕೆಂಪು ಮಾಡಿದಳು. ಎಪ್ಪತ್ತೊಂದು ಎಂದಿದ್ದುದನ್ನು ಅಳಿಸಿ ದ್ಯಾಮವ್ವ ಎಂದು ಬರೆದಳು. ಆಮೇಲೆ ಗುಂಡನೆಯ ಗೆರೆಯನ್ನೇ ತೆಗೆದು ಹಾಕಿದಳು. ಇನ್ನುಳಿದ ನೂರಾ ಹದಿಮೂರು ಮನೆಗಳ ಅಂಗಳಕ್ಕೂ ಹೋಗಿ ನಿಂತು ಕೂಗಬೇಕಿತ್ತು.

ಆದರೂ ಓದಿದ ಹುಡುಗಿ. ವರದಿಯಲ್ಲಿ ಒಂದು ಅಂಕಿ ಬೇಕಲ್ಲ.

“ಹಂಗಾರ ಕೂಗಳತಿ ಅಂದ್ರ ಎಷ್ಟು ಅಂತ ಬರೀಲ್ರಿ ಸರ್?”

“ಓ ಅನ್ನೂದು ಕೇಳೂವಷ್ಟು.”

“ಯಾರೂ ಓ ಅನ್ನದಿದ್ರ?”

ಮಾಸ್ತರರು ವಸ್ತ್ರ ಕೊಡವಿ ಎದ್ದರು.

“ಅಲ್ಲಿ ದೋಣಿ ಬೇಕು, ತಂಗಿ.”